ಕವನ ಕಮ್ಮಟ: ಬರೆದವರು ಸುಮ್ಮನಿರಬೇಕು

ಒಂದು ಗುಂಪಿಗೆ 8 ವಿದ್ಯಾರ್ಥಿಗಳು ಸಾಕು. ಒಬ್ಬೊಬ್ಬರ ಕವನಕ್ಕೆ 15 ನಿಮಿಷ ಹಿಡಿದರೂ 2 ಗಂಟೆ ಆಗುತ್ತದೆ. ಅದಕ್ಕೂ ಮೀರಿದರೆ ಕೊನೆಯವರ ಕವನಕ್ಕೆ ಆಕಳಿಕೆಯೇ ಗತಿ. ಕವನ 20 ಸಾಲಿನೊಳಗಿರಲಿ. ಎಲ್ಲರಿಗೂ ಒಂದೊಂದು ಜೆರಾಕ್ಸ್ ಪ್ರತಿ ಬೇಕು, ಫೋನಿನಲ್ಲಿ ಕಳಿಸಿದರೆ ಯಾರೂ ಗೆರೆ ಎಳೆಯುವುದಿಲ್ಲ.

ಮೊದಲ ಸಲ ಬರೆದವರು ಓದಬಾರದು, ಪಕ್ಕದವರು ಓದಲಿ. ಬರೆದವರ ಕಿವಿಯಲ್ಲಿ ಲಯ ಆಗಲೇ ಕೂತಿರುತ್ತದೆ; ಹಾಳೆಯಲ್ಲಿ ಇಲ್ಲದ್ದನ್ನೂ ದನಿಯಲ್ಲೇ ದಾಟಿಸಿಬಿಡುತ್ತಾರೆ. ಓದುವವರು ತಡವರಿಸಿದ ಕಡೆ ಉಳಿದವರು ಪೆನ್ಸಿಲ್ ಗುರುತು ಹಾಕಬೇಕು. ಎರಡನೇ ಸಲ ಬರೆದವರು ಓದಿ, ಆಮೇಲೆ 10 ನಿಮಿಷ ತುಟಿ ಬಿಚ್ಚುವಂತಿಲ್ಲ. 'ನಾನು ಹೇಳೋಕೆ ಹೊರಟಿದ್ದು ಏನಂದ್ರೆ' ಅಂತ ಶುರುವಾಯಿತೋ, ಚರ್ಚೆ ಕವನ ಬಿಟ್ಟು ಕವಿಯ ಹಿಂದೆ ಹೋಯಿತು ಅಂತಲೇ ಲೆಕ್ಕ.

ಚಿಕ್ಕಮಗಳೂರು ಸೀಮೆಯಲ್ಲಿ ಕಾಫಿ ಹೂವಿನ ಕವನ ಬಂದೇ ಬರುತ್ತದೆ. ಇಂಥ ಎರಡು ಸಾಲು ಅಂತಿಟ್ಟುಕೊಳ್ಳಿ (ಹೂಮಳೆ ಅಂದರೆ ಕಾಫಿ ಮೊಗ್ಗು ಬಿರಿಯಲು ಬೇಕಾದ ಮಳೆ):

ಹೂಮಳೆ ಬಿದ್ದಿತು ತೋಟದ ಮೇಲೆ
ಪರಿಮಳ ಹರಡಿತು ಇಡೀ ಊರಿನ ತುಂಬ

ಓದುವವರು 'ಇಡೀ' ಹತ್ತಿರ ಎಡವುತ್ತಾರೆ. ಮೊಟಕಾಗಿ ನುಡಿಯುವ ಅಕ್ಷರ ಲಘು, ಎಳೆದೋ ಒತ್ತಿಯೋ ನುಡಿಯುವುದು ಗುರು. ಲಘುವಿಗೆ 1, ಗುರುವಿಗೆ 2 ಮಾತ್ರೆ ಅಂತ ಪ್ರಸ್ತಾರ ಹಾಕಿ, ಅಂದರೆ ಅಕ್ಷರದ ಮೇಲೆ ಗುರುತಿಟ್ಟು ಎಣಿಸಿ ನೋಡಿ. ಹೂಮಳೆ, ಬಿದ್ದಿತು, ತೋಟದ, ಪರಿಮಳ, ಹರಡಿತು, ಊರಿನ ಎಲ್ಲವೂ 4 ಮಾತ್ರೆ; ಸಾಲಿನ ಕೊನೆಯ ಪದ 3 ಇದ್ದರೂ ಎಳೆದು ಓದಿದರೆ ಸರಿಹೋಗುತ್ತದೆ. ನಡುವೆ ನುಗ್ಗಿದ 'ಇಡೀ'ಗೆ ಮಾತ್ರ 3. ತೆಗೆದುಹಾಕಿದರೆ ಅರ್ಥಕ್ಕೂ ನಷ್ಟವಿಲ್ಲ, 'ತುಂಬ' ಅಂದಾಗಲೇ ಊರೆಲ್ಲ ಬಂತು. ಅಂಕಕ್ಕಾಗಿ ಕಲಿತ ಛಂದಸ್ಸು ಕಿವಿಗೆ ಇಳಿಯುವುದು ಇಂಥ ಕಡೆ.

ಗುಂಪಿನಲ್ಲಿ ಕಾಫಿ ತೋಟಗಳ ಮೂಡಿಗೆರೆ ಕಡೆಯ ಹುಡುಗಿ ಇದ್ದರೆ ಇನ್ನೊಂದು ಪ್ರಶ್ನೆ ಏಳುತ್ತದೆ: 'ಮಳೆ ಬಿದ್ದ ಕೂಡಲೇ ಎಲ್ಲಿಂದ ಬಂತು ಪರಿಮಳ?' ಮಾರ್ಚ್–ಏಪ್ರಿಲ್ ಹೊತ್ತಿನ ಹೂಮಳೆ ಬಿದ್ದು 8–10 ದಿನಕ್ಕೆ ಮೊಗ್ಗು ಬಿರಿಯುವುದು. ಹಾಸನದ ಪೇಟೆಯಲ್ಲಿ ಬೆಳೆದವರಿಗೆ ಇದು ಹೊಳೆಯದಿರಬಹುದು. ಬರೀ ತಪ್ಪು ಅಂತ ತಿದ್ದಿ ಮುಂದೆ ಹೋಗಬೇಡಿ. ಎರಡು ಸಾಲಿನ ನಡುವೆ ಬಿಟ್ಟುಹೋದ ಆ ಎಂಟು ದಿನ, ಬೆಳಗಾದರೆ ಗಿಡದ ಗೆಣ್ಣು ನೋಡುತ್ತ ನಿಲ್ಲುವ ಬೆಳೆಗಾರ: ಕವನ ಇರುವುದೇ ಅಲ್ಲಿ.

'ಚೆನ್ನಾಗಿದೆ', 'ಸೂಪರ್' ಎರಡಕ್ಕೂ ಕೊಠಡಿಯಲ್ಲಿ ಜಾಗ ಇಲ್ಲ. ಸಾಲಿನ ಸಂಖ್ಯೆ ಹೇಳಿಯೇ ಮಾತಾಡಬೇಕು: '5ನೇ ಸಾಲಲ್ಲಿ ಮಾತಾಡ್ತಿರೋದು ಅಮ್ಮನೋ ಮಗಳೋ ಗೊತ್ತಾಗಲಿಲ್ಲ.' ಇಷ್ಟು ಖಚಿತವಾಗಿದ್ದರೆ ನೋವೂ ಕಡಿಮೆ. ಮೇಷ್ಟ್ರ ಕೈಗೆ ಕೆಂಪು ಪೆನ್ನು ಕೊಡಬೇಡಿ. 'ಬಂದವ್ನೆ' ಅಂತ ಬರೆದದ್ದನ್ನು 'ಬಂದಿದ್ದಾನೆ' ಮಾಡಿದರೆ ಮನೆಯವರ ದನಿಯೇ ಹೋಗುತ್ತದೆ.

ಉಳಿದ 2–3 ನಿಮಿಷ ಬರೆದವರದು. ಸಮರ್ಥನೆ ಬೇಡ, ಪ್ರಶ್ನೆ ಕೇಳಲಿ. ಗುರುತು ಹಾಕಿದ ಪ್ರತಿಗಳನ್ನೆಲ್ಲ ಮನೆಗೆ ಒಯ್ದು, ಒಂದು ವಾರ ಬಿಟ್ಟು, ಸಾಲಾಗಿ ಹರಡಿ ನೋಡಬೇಕು. ಮೂರು ನಾಲ್ಕು ಪ್ರತಿಗಳಲ್ಲಿ ಒಂದೇ ಕಡೆ ಗುರುತಿದ್ದರೆ ಮೊದಲು ಅದನ್ನು ತಿದ್ದಿ. ಒಂದೇ ಪ್ರತಿಯಲ್ಲಿರುವ ಗುರುತಿಗೆ ಮಣಿಯಬೇಕೋ ಬೇಡವೋ ಬರೆದವರ ಇಷ್ಟ. ಮೂಡಿಗೆರೆಯವಳ ಗುರುತೂ ಒಂದೇ ಪ್ರತಿಯಲ್ಲಿರುತ್ತದೆ ಅನ್ನುವುದು ನೆನಪಿರಲಿ.