ಕೃದಂತ ನೆನಪಿದ್ದರೆ ಇಂಗ್ಲಿಷಿನ ‘ಇಂಗ್’ ಕಷ್ಟವಲ್ಲ

ಹೈಸ್ಕೂಲಿನ ಕನ್ನಡ ವ್ಯಾಕರಣದಲ್ಲಿ ಕೃದಂತದ, ಅಂದರೆ ಕ್ರಿಯಾಧಾತುವಿಗೆ ಪ್ರತ್ಯಯ ಸೇರಿ ಆಗುವ ಪದಗಳ, ಪಾಠ ಬರುತ್ತದೆ. ಪರೀಕ್ಷೆ ಮುಗಿದ ಮೇಲೆ ಅದನ್ನು ಮರೆತವರೇ ಹೆಚ್ಚು. ಇಂಗ್ಲಿಷ್ ಕ್ರಿಯಾಪದ ತಲೆ ತಿನ್ನುವ ಜಾಗದಲ್ಲಿ ಕೈಹಿಡಿಯುವುದು ಅದೇ ಪಾಠ.

ಮಂಡ್ಯದ ಆಲೆಮನೆಯೊಂದನ್ನು ಕಣ್ಣ ಮುಂದೆ ತಂದುಕೊಂಡು ಮೂರು ವಾಕ್ಯ ಬರೆಯಿರಿ: ‘ದ ಜ್ಯೂಸ್ ಈಸ್ ಬಾಯ್ಲಿಂಗ್’, ‘ಡೋಂಟ್ ಟಚ್ ದ ಬಾಯ್ಲಿಂಗ್ ಜ್ಯೂಸ್’, ‘ಬಾಯ್ಲಿಂಗ್ ಟೇಕ್ಸ್ ಟೈಮ್’. ಪಕ್ಕದಲ್ಲೇ ಕನ್ನಡ ಬರೆಯಿರಿ: ಕಬ್ಬಿನ ಹಾಲು ಕುದಿಯುತ್ತಿದೆ, ಕುದಿಯುವ ಹಾಲು ಮುಟ್ಟಬೇಡ, ಕುದಿಯುವುದಕ್ಕೆ ಹೊತ್ತು ಹಿಡಿಯುತ್ತದೆ. ‘ಉತ್ತಿದೆ’ ಬಂದರೆ ಅದು ಕ್ರಿಯಾಪದ, ‘ಉವ’ ಬಂದರೆ ವಿಶೇಷಣ, ‘ಉವುದು’ ಅಥವಾ ‘ಉವಿಕೆ’ ಬಂದರೆ ನಾಮಪದ. ಇಂಗ್ಲಿಷ್ ಒಂದೇ ಬಾಲದಲ್ಲಿ ಮುಚ್ಚಿಟ್ಟಿದ್ದನ್ನು ಕನ್ನಡ ಮೂರು ಬಾಲಗಳಲ್ಲಿ ಬಿಚ್ಚಿಡುತ್ತದೆ.

ಒಂದು ಕಡೆ ಮಾತ್ರ ಎಚ್ಚರ ಬೇಕು. ‘ಬಾಯ್ಲಿಂಗ್ ಪ್ಯಾನ್’ ಎಂದರೆ ಕುದಿಯುವ ಕೊಪ್ಪರಿಗೆಯಲ್ಲ, ಕುದಿಸುವುದಕ್ಕಿರುವ ಕೊಪ್ಪರಿಗೆ. ಹಾಗಾಗಿ ವಿಶೇಷಣದಂತೆ ಕಂಡರೂ ಅದು ನಾಮಪದವೇ. ‘ವಾಕಿಂಗ್ ಸ್ಟಿಕ್’ ಕೂಡ ಹಾಗೆಯೇ, ಕೋಲು ನಡೆಯುವುದಿಲ್ಲವಲ್ಲ!

ಪ್ರಿಪೊಸಿಷನ್ (‘ಇನ್’, ‘ಆಫ್’, ‘ಫಾರ್’ನಂತೆ ನಾಮಪದದ ಹಿಂದೆ ನಿಲ್ಲುವ ಪದ) ಆದ ಮೇಲೆ ಕ್ರಿಯಾಪದ ಬರಬೇಕಾದರೆ ಅದು ‘ಇಂಗ್’ ಹಚ್ಚಿಕೊಂಡು ನಾಮಪದವಾಗಿಯೇ ಬರಬೇಕು. ಅರ್ಜಿಯ ಕೊನೆಗೆ ‘ಲುಕಿಂಗ್ ಫಾರ್ವರ್ಡ್ ಟು ಮೀಟ್ ಯೂ’ ಎಂದು ಬರೆಯುವವರು ಬಹಳ. ಆ ‘ಟು’ ಮುಂದೆ ಬರೀ ನಾಮಪದ ಇಟ್ಟು ನೋಡಿ: ‘ಲುಕಿಂಗ್ ಫಾರ್ವರ್ಡ್ ಟು ಯುವರ್ ರಿಪ್ಲೈ’. ಸರಿಯಾಗಿ ಕೂರುತ್ತದೆ. ಅಂದರೆ ಅದು ಪ್ರಿಪೊಸಿಷನ್, ಆದ್ದರಿಂದ ‘ಟು ಮೀಟಿಂಗ್ ಯೂ’. ‘ಐ ವಾಂಟ್ ಟು’ ಎಂಬಲ್ಲಿಯ ‘ಟು’ ಪ್ರಿಪೊಸಿಷನ್ ಅಲ್ಲ, ಅಲ್ಲಿ ‘ಮೀಟ್’ ಸಾಕು.

ಪಾಠ ಬೇಸರ ತರಿಸಿದರೆ ‘ಅಯಾಮ್ ಬೋರ್ಡ್’ ಎನ್ನಿ. ‘ಅಯಾಮ್ ಬೋರಿಂಗ್’ ಎಂದರೆ ನೀವೇ ಬೇಸರ ತರಿಸುವವರು ಎಂದಾಗುತ್ತದೆ.

ಇನ್ನು ‘ಡಿಡ್ ನಾಟ್ ವೆಂಟ್’. ಇದು ತಪ್ಪು ಎಂದು ಎಲ್ಲರಿಗೂ ಗೊತ್ತು, ಆದರೂ ಬಾಯಿಗೆ ಬರುತ್ತದೆ. ಕನ್ನಡದಲ್ಲಿ ‘ಹೋಗಲಿಲ್ಲ’ ಅನ್ನುತ್ತೇವೆ, ‘ಹೋದಲಿಲ್ಲ’ ಎಂದು ಯಾರೂ ಅನ್ನುವುದಿಲ್ಲ. ಅಲ್ಲಿಯೂ ‘ಹೋಗು’ ಭೂತಕಾಲದ ಗುರುತು ಹೊತ್ತಿಲ್ಲ. ಇಂಗ್ಲಿಷಿನಲ್ಲಿ ಆ ಗುರುತನ್ನು ‘ಡಿಡ್’ ಒಂದೇ ಹೊರುತ್ತದೆ, ‘ಗೋ’ ಹಾಗೇ ಉಳಿಯುತ್ತದೆ. ಪ್ರಶ್ನೆಯಲ್ಲೂ ಅಷ್ಟೇ: ‘ಡಿಡ್ ಯೂ ಗೋ?’

ಕನ್ನಡವೇ ದಾರಿ ತಪ್ಪಿಸುವ ಜಾಗಗಳೂ ಇವೆ, ಅವೇ ಹೆಚ್ಚು ಅಪಾಯ. ‘ನಿನ್ನೆ ಮೈಸೂರಿಗೆ ಹೋಗಿದ್ದೆ’ ಎಂಬುದನ್ನು ಹಾಗೇ ಎತ್ತಿಟ್ಟರೆ ‘ಯೆಸ್ಟರ್ಡೇ ಐ ಹ್ಯಾಡ್ ಗಾನ್’ ಆಗುತ್ತದೆ. ನಮ್ಮ ‘ಇದ್ದೆ’ಯಲ್ಲಿ ಹೋಗಿ ಬಂದದ್ದೂ ಸೇರಿರುತ್ತದೆ. ಇಂಗ್ಲಿಷಿನ ‘ಹ್ಯಾಡ್’ಗೆ ಆ ಅರ್ಥವಿಲ್ಲ. ಅದು ಬೇಕಾಗುವುದು, ಹಿಂದೆ ನಡೆದ ಎರಡು ಸಂಗತಿಗಳಲ್ಲಿ ಯಾವುದು ಮೊದಲು ಎಂದು ಹೇಳುವಾಗ. ನೀವು ಮಂಡ್ಯ ಸ್ಟೇಷನ್ ಮುಟ್ಟುವಷ್ಟರಲ್ಲಿ ಚಾಮುಂಡಿ ಎಕ್ಸ್‌ಪ್ರೆಸ್ ಹೊರಟುಹೋಗಿದ್ದರೆ ‘ದ ಟ್ರೇನ್ ಹ್ಯಾಡ್ ಲೆಫ್ಟ್’ ಸರಿ. ಬರೀ ನಿನ್ನೆಯ ಪ್ರಯಾಣಕ್ಕೆ ‘ಐ ವೆಂಟ್’ ಸಾಕು.

‘ಐದು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ’ ಎಂಬುದರಲ್ಲಿ ಎರಡು ಗುಂಡಿಗಳಿವೆ. ‘ಮಾಡುತ್ತಿದ್ದೇನೆ’ ಎಂದರೆ ‘ಅಯಾಮ್ ವರ್ಕಿಂಗ್’ ಎಂದು ಕೈ ಓಡುತ್ತದೆ. ಹಿಂದೆ ಶುರುವಾಗಿ ಇನ್ನೂ ನಡೆದಿರುವುದಕ್ಕೆ ‘ಹ್ಯಾವ್ ಬೀನ್ ವರ್ಕಿಂಗ್’ ಬೇಕು. ಜೊತೆಗೆ ನಮ್ಮ ಒಂದೇ ‘ಇಂದ’ ಅಲ್ಲಿ ಎರಡಾಗುತ್ತದೆ: ಅವಧಿಗೆ ‘ಫಾರ್ ಫೈವ್ ಇಯರ್ಸ್’, ಶುರುವಾದ ಬಿಂದುವಿಗೆ ‘ಸಿನ್ಸ್ 2020’.

ಕೊನೆಯದು ಜೋಡಿಗಳು. ಕನ್ನಡದಲ್ಲಿ ‘ಇಸು’ ಸೇರಬಹುದಾದ ಕಡೆ ಇಂಗ್ಲಿಷಿನಲ್ಲಿ ಬೇರೆಯೇ ಕ್ರಿಯಾಪದ ಇರಬಹುದು. ಕೆಆರ್‌ಎಸ್‌ನಲ್ಲಿ ನೀರು ತಾನೇ ಏರಿದರೆ ‘ರೋಸ್’, ಗೇಟನ್ನು ಯಾರೋ ಏರಿಸಿದರೆ ‘ರೇಸ್ಡ್’. ಮಲಗುವುದು ‘ಲೈ’, ಮಲಗಿಸುವುದು ‘ಲೇ’. ಬಹಳ ಜನ ಎಡವುವುದು ಇಲ್ಲೇ, ಏಕೆಂದರೆ ‘ಲೈ’ಯ ಭೂತಕಾಲವೂ ‘ಲೇ’. ಪೂರ್ತಿ ಸಾಲು ಬರೆದಿಟ್ಟುಕೊಳ್ಳಿ: ಲೈ–ಲೇ–ಲೇನ್, ಲೇ–ಲೇಡ್–ಲೇಡ್. ಯಾವುದು ಬೇಕೆಂಬ ಗೊಂದಲ ಬಂದರೆ ‘ಏನನ್ನು?’ ಎಂದು ಕೇಳಿ. ಉತ್ತರ ಸಿಕ್ಕಿದರೆ ಎರಡನೆಯ ಸಾಲು, ಸಿಗದಿದ್ದರೆ ಮೊದಲನೆಯದು.