ನನ್ನ ಗೇಮಿಗೆ ಒಂದು ಕಳ್ಳಿಭೂತ ಮಾಡಿದ್ದು

ಫೈನಲ್ ಫ್ಯಾಂಟಸಿ ಅನ್ನೋ ವಿಡಿಯೋ ಗೇಮ್ ಸರಣಿ ಆಡಿದವರಿಗೆ ಅದರ ಶತ್ರು ಕ್ಯಾಕ್ಟುವಾರ್ ಗೊತ್ತೇ ಇರುತ್ತದೆ. ಹಸಿರು ಕಳ್ಳಿ, ಮುಖದಲ್ಲಿ ಮೂರು ತೂತು, ಓಡುವ ಭಂಗಿಯಲ್ಲೇ ನಿಂತ ಕೈಕಾಲು. 1994ರ ಆರನೇ ಭಾಗದಲ್ಲಿ ಅದು ಮೊದಲು ಬಂತು. ರೂಪ ಕೊಟ್ಟವರು ಟೆಟ್ಸುಯಾ ನೊಮುರಾ. ಸಾವಿರ ಮುಳ್ಳು ಅನ್ನೋದು ಅದರ ಹೆಸರುವಾಸಿ ಹೊಡೆತ. ಬಿದ್ದರೆ ಸರಿಯಾಗಿ 1000 ಡ್ಯಾಮೇಜ್, ನೀವು ಎಷ್ಟೇ ಗಟ್ಟಿ ಕವಚ ತೊಟ್ಟಿರಿ.

ನನಗೆ ಹಿಡಿಸಿದ್ದು ಇದೇ. ಏಟು ಎಷ್ಟು ಬೀಳುತ್ತೆ ಅಂತ ಮೊದಲೇ ಗೊತ್ತು. ನನ್ನ ಹತ್ತಿರ ಅಷ್ಟು ಪ್ರಾಣ ಇದೆಯಾ ಇಲ್ವಾ, ಲೆಕ್ಕ ಹಾಕಿಕೊಂಡೇ ಎದುರಿಗೆ ನಿಲ್ಲಬೇಕು. ಲೆಕ್ಕ ಗೊತ್ತಿದ್ದೂ ಎದೆ ಡವಡವ ಅನ್ನುತ್ತಲ್ವಾ, ಆ ಭಯ ನನ್ನ ಗೇಮಿನಲ್ಲೂ ಇರಬೇಕು ಅಂತ ಆಸೆಪಟ್ಟೆ.

ನಮ್ಮದು ಮಂಡ್ಯ. ಗೇಮಿನ ನಕ್ಷೆಯೂ ಇಲ್ಲಿಯದೇ: ಒಂದು ಕಡೆ ನಾಲೆ, ಗದ್ದೆ, ಕಬ್ಬು, ಇನ್ನೊಂದು ಕಡೆ ಮೇಲುಕೋಟೆ ಥರದ ಒಣ ಬಂಡೆಗುಡ್ಡ. ಗುಡ್ಡದಲ್ಲಿ ಪಾಪಾಸುಕಳ್ಳಿಯೇ ಶತ್ರು. ಬರೆಯುವ ಮೊದಲು ನಿಜವಾದ ಗಿಡವನ್ನು ಹತ್ತಿರದಿಂದ ನೋಡಿದೆ. ನಾವು ಎಲೆ ಅಂದುಕೊಳ್ಳುವ ಆ ದಪ್ಪ ಹಸಿರು ತಟ್ಟೆ ಅದರ ಕಾಂಡ. ದೊಡ್ಡ ಮುಳ್ಳು ಕಣ್ಣಿಗೆ ಕಾಣುತ್ತೆ, ಹುಷಾರಾಗಿರಬಹುದು. ಅದರ ಬುಡದಲ್ಲಿ ಕೂದಲೆಳೆಯಂಥ ಸಣ್ಣ ಮುಳ್ಳಿನ ಗೊಂಚಲು ಇರುತ್ತೆ, ಅಪಾಯ ಇರೋದು ಅಲ್ಲಿ. ಸುಮ್ನೆ ಸೋಕಿದರೂ ಚರ್ಮಕ್ಕೆ ಹೊಕ್ಕುತ್ತೆ. ತುದಿಯಲ್ಲಿ ಹಿಂದಕ್ಕೆ ಬಾಗಿದ ಕೊಕ್ಕೆ ಇರುವುದರಿಂದ ಬೇಗ ಬರೋದಿಲ್ಲ, ನವೆ ನಿಲ್ಲೋದಿಲ್ಲ.

ಇದನ್ನೇ ಗೇಮಿಗೆ ತಂದೆ. ನಾನು ಬಳಸುವುದು ಆರ್‌ಪಿಜಿ ಮೇಕರ್ ಎಂವಿ ಅನ್ನೋ ಗೇಮ್ ಮಾಡುವ ಸಾಫ್ಟ್‌ವೇರ್. ಅದರಲ್ಲಿ ಡ್ಯಾಮೇಜ್ ಸೂತ್ರದಲ್ಲಿ ಸಾಮಾನ್ಯವಾಗಿ ಹೊಡೆಯುವವನ ಶಕ್ತಿ, ತಡೆಯುವವನ ರಕ್ಷಣೆ ಎರಡೂ ಇರುತ್ತವೆ. ನಾನು ಆ ಜಾಗದಲ್ಲಿ ಬರೀ 100 ಅಂತ ಬರೆದೆ, ನನ್ನ ನಾಯಕನ ಪ್ರಾಣ ಶುರುವಿನಲ್ಲಿ 120. ವೇರಿಯನ್ಸ್, ಅಂದರೆ ಏಟು ನೂರಕ್ಕೆ ಎಷ್ಟು ಹೆಚ್ಚುಕಮ್ಮಿ ಆಗಬಹುದು ಅನ್ನೋದು, ತಾನಾಗೇ 20 ಇರುತ್ತೆ, ಅದನ್ನು ಸೊನ್ನೆ ಮಾಡಲೇಬೇಕು. ಇಲ್ಲದಿದ್ದರೆ ಏಟು ಒಮ್ಮೆ 85, ಒಮ್ಮೆ 115 ಬಿದ್ದು, ಲೆಕ್ಕದ ಮಜಾನೇ ಹೋಗುತ್ತೆ. ಹೊಡೆತದ ಬಗೆ ‘ಸರ್ಟನ್ ಹಿಟ್’, ಅಂದರೆ ತಪ್ಪೋದೇ ಇಲ್ಲ. ಕ್ರಿಟಿಕಲ್, ಅಂದರೆ ಅದೃಷ್ಟಕ್ಕೆ ಬೀಳುವ ಹೆಚ್ಚಿನ ಏಟು, ಇಲ್ಲ. ಆದರೆ ಆಟಗಾರ ಹೊಡೆಯುವ ಬದಲು ಗಾರ್ಡ್ (ತಡೆ) ಒತ್ತಿದರೆ ಏಟು ಅರ್ಧವಾಗಿ 50 ಆಗುತ್ತೆ. ಅದನ್ನು ಹಾಗೇ ಬಿಟ್ಟೆ, ಯೋಚಿಸುವವನಿಗೆ ಒಂದು ದಾರಿ ಬೇಕು. ಸಣ್ಣ ಮುಳ್ಳಿಗೆ ‘ನವೆ’ ಅಂತ ಒಂದು ಸ್ಟೇಟ್, ಅಂದರೆ ಮೈಗೆ ಅಂಟಿಕೊಳ್ಳುವ ಸ್ಥಿತಿ, ಮಾಡಿದೆ. ಪ್ರತಿ ಸುತ್ತಿಗೆ ಪ್ರಾಣದಲ್ಲಿ ನೂರಕ್ಕೆ ಐದು ಭಾಗ ಇಳಿಯುತ್ತೆ.

ಕತ್ತಿ ಏಟು ತಪ್ಪಿಸಿಕೊಳ್ಳಲು ಇವೇಶನ್ ನೂರಕ್ಕೆ 80. ಮಂತ್ರ ಮಾತ್ರ ತಪ್ಪೋದಿಲ್ಲ. ಯಾವ ಮಂತ್ರಕ್ಕೆ ಇದು ಸೋಲಬೇಕು? ಗಿಡ ಅಂದ ಕೂಡಲೇ ಬೆಂಕಿ ಅನ್ನುವವರೇ ಜಾಸ್ತಿ. ನನಗೆ ಒಪ್ಪಿಗೆಯಾಗಲಿಲ್ಲ. ಕಳ್ಳಿಯ ಮೈಯೆಲ್ಲ ನೀರು, ಬೇಗ ಹೊತ್ತಿಕೊಳ್ಳೋದಿಲ್ಲ. ಕುಂಡದಲ್ಲಿ ಕಳ್ಳಿ ಬೆಳೆಸಿದವರಿಗೆ ಗೊತ್ತು, ಅದು ಸಾಯೋದು ನೀರು ಜಾಸ್ತಿಯಾಗಿ ಬೇರು ಕೊಳೆತಾಗ. ಹಾಗಾಗಿ ನೀರಿನ ಮಂತ್ರಕ್ಕೆ ಎರಡು ಪಟ್ಟು ಏಟು ಕೊಟ್ಟೆ. ಆ ಮಂತ್ರ ಸಿಗುವುದು ನಾಲೆ ಬದಿಯ ಊರಿನಲ್ಲಿ. ಅಲ್ಲಿ ಕಲಿತು ಗುಡ್ಡ ಹತ್ತಬೇಕು.

ಮೂರನೇ ಸುತ್ತಿಗೆ ಕಳ್ಳಿಭೂತ ಓಡಿಹೋಗುತ್ತೆ. ಶತ್ರು ಯಾವುದನ್ನು ಆರಿಸಬೇಕು ಅನ್ನೋದಕ್ಕೆ ರೇಟಿಂಗ್ ಅಂತ ಅಂಕ ಇರುತ್ತೆ. ಮುಳ್ಳಿನ ಹೊಡೆತಕ್ಕೆ 5, ಓಟಕ್ಕೆ 9 ಇಟ್ಟಿದ್ದೇನೆ. ಮೂರು ಅಥವಾ ಅದಕ್ಕಿಂತ ಹೆಚ್ಚು ವ್ಯತ್ಯಾಸ ಇದ್ದರೆ ಚಿಕ್ಕ ಅಂಕದ್ದನ್ನು ಶತ್ರು ಆರಿಸೋದೇ ಇಲ್ಲ, ಓಟ ಗ್ಯಾರಂಟಿ. ಓಡಿಹೋದ ಶತ್ರುವಿನಿಂದ ದುಡ್ಡು, ಅನುಭವ ಯಾವುದೂ ಸಿಗೋದಿಲ್ಲ.

ಅಕ್ಕನ ಮಗನಿಗೆ ಆಡಲು ಕೊಟ್ಟೆ. ಮೊದಲು ಕತ್ತಿ ಬೀಸಿದ, ತಾಗಲಿಲ್ಲ. 100 ಏಟು ತಿಂದ. ‘ಮಾವ, ಇದು ಓಡೋಗ್ಬಿಡ್ತು!’ ಅಂತ ಕೂಗಿದ. ಮತ್ತೆ ಹೋದಾಗ ಮೊದಲು ಗಾರ್ಡ್ ಒತ್ತಿದ, ಮರುಸುತ್ತಿಗೆ ನೀರು ಎರಚಿದ, ಗೆದ್ದ. ಯಾರೂ ಹೇಳಿಕೊಟ್ಟಿರಲಿಲ್ಲ.

ಈಗ ಇದರ ಅಣ್ಣನನ್ನು ಮಾಡುತ್ತಿದ್ದೇನೆ, ಬೇಲಿಯ ಹಾಲುಗಳ್ಳಿ. ಅದರ ಹಾಲು ಕಣ್ಣಿಗೆ ಬಿದ್ದರೆ ಉರಿ ತಡೆಯೋಕಾಗಲ್ಲ. ಹಾಗಾಗಿ ಅದು ಮುಳ್ಳು ಎಸೆಯೋದಿಲ್ಲ. ಹಾಲು ಚಿಮ್ಮಿಸಿ ನಿಮ್ಮ ಗುರಿ ತಪ್ಪಿಸುತ್ತೆ. ಗುರಿ ಎಷ್ಟು ಇಳಿಸಬೇಕು ಅನ್ನೋದನ್ನು ಮಾತ್ರ ಇನ್ನೂ ಹೊಂದಿಸುತ್ತಿದ್ದೇನೆ.