ಸ್ಕೈರಿಮ್ ಮುಗಿಸಿಬಿಟ್ಟೆ ಅನ್ನೋರಿಗೆ: ನೀವು ದಾಟ್ಕೊಂಡು ಹೋದ ಗುಟ್ಟುಗಳನ್ನ ಹುಡುಕೋದು ಹೇಗೆ

ದಸರಾ ರಜೇಲಿ ಮಂಡ್ಯದಿಂದ ನಮ್ಮ ಚಿಕ್ಕಪ್ಪನ ಮಗ ಬಂದಿದ್ದ. ಕುವೆಂಪುನಗರದ ನಮ್ಮನೇಲಿ ಬ್ಯಾಗ್ ಇಳಿಸಿ ಕಾಫಿ ಲೋಟ ಕೈಗೆ ತಗೊಳೋಕ್ಕೂ ಮುಂಚೆ ಹೇಳಿದ್ದು ಒಂದೇ ಮಾತು, "ಅಣ್ಣ, ಸ್ಕೈರಿಮ್ ಮುಗುಸ್ಬುಟ್ಟೆ ಕಣಣ್ಣ, ಇನ್ನೇನೂ ಉಳ್ದಿಲ್ಲ ಅದ್ರಲ್ಲಿ." ಎಷ್ಟ್ ದಿನ ಆಯ್ತೋ ಅಂದ್ರೆ ಹನ್ನೊಂದು ದಿನ ಅಂತೆ. ಸರಿ ಕಣಪ್ಪ, ಏಳು ಸಾವಿರ ಮೆಟ್ಲು ಹತ್ತುವಾಗ ದಾರೀಲಿ ಕಲ್ಲು ಓದಿದ್ಯಾ ಅಂದೆ. "ಯಾವ್ ಕಲ್ಲಣ್ಣ?" ಲೈಟ್‌ಹೌಸ್ ಬೆಂಕಿಗೆ ಏನ್ ಹಾಕ್ದೆ ಅಂದೆ. "ಲೈಟ್‌ಹೌಸ್ ಎಲ್ಲದೆ ಅದ್ರಲ್ಲಿ?" ಅಂದ. ಅಲ್ಲಿಗೆ ಗೊತ್ತಾಯ್ತು, ಇವ್ನು ಗೇಮ್ ಆಡಿಲ್ಲ, ದಾರಿ ತೋರ್ಸೋ ಬಾಣದ ಗುರುತು ಹಿಂದೆ ಓಡವ್ನೆ ಅಷ್ಟೇ.

ಹೊಸಬರಿಗೆ ಎರಡೇ ಮಾತಲ್ಲಿ ಹೇಳ್ತೀನಿ. ಸ್ಕೈರಿಮ್ ಅನ್ನೋದು ಬೆಥೆಸ್ಡಾದವ್ರು 2011ರ ನವೆಂಬರ್ 11ಕ್ಕೆ ಬಿಟ್ಟ ರೋಲ್ ಪ್ಲೇಯಿಂಗ್ ಗೇಮ್, ಡ್ರ್ಯಾಗನ್‌ಗಳು, ಹಿಮ, ಹಳೇ ಗೋರಿಗಳು, ಕತ್ತಿ, ಮಂತ್ರ ಎಲ್ಲ ಇರೋ ಒಂದು ದೊಡ್ಡ ನಾಡು. 2016ರಲ್ಲಿ ಸ್ಪೆಷಲ್ ಎಡಿಷನ್ ಬಂತು, ಈಗ ಜಾಸ್ತಿ ಜನ ಆಡೋದು ಅದನ್ನೇ. ಮೇನ್ ಕಥೆ ಅಷ್ಟೇನ್ ಉದ್ದ ಇಲ್ಲ. ಆದ್ರೆ ಮಾಡಿದವ್ರು ಒಳ್ಳೊಳ್ಳೇದನ್ನೆಲ್ಲ ದಾರಿ ಪಕ್ಕದಲ್ಲಿ ಬಚ್ಚಿಟ್ಟು ಅದ್ರ ಬಗ್ಗೆ ತುಟಿ ಪಿಟಕ್ ಅಂದಿಲ್ಲ. ಅವನ್ನ ಹುಡುಕೋದು ಹೇಗೆ ಅನ್ನೋದೇ ಇವತ್ತಿನ ವಿಷಯ, ಕಥೆ ಗುಟ್ಟು ಒಂದೆರಡು ಬಿಟ್ಕೊಡ್ತೀನಿ, ಇನ್ನೂ ಆಡ್ದೇ ಇರೋರು ಬೈಕೋಬೇಡಿ.

ಮೊದ್ಲು ಸೇವ್, ಆಮೇಲೆ ಬಾಣ

ಶುರು ಮಾಡೋಕ್ ಮುಂಚೆ ಮೆನುಗೆ ಹೋಗಿ ಕೈಯಾರೆ ಒಂದು ಹೊಸ ಸೇವ್ ಮಾಡ್ಕೊಳಿ, ಹಳೇದ್ರ ಮೇಲೆ ಬೇಡ, ಹೊಸದು. ಆಟೋಸೇವ್ ನಂಬ್ಕೊಂಡು ಕೂತ್ರೆ ಕೆಟ್ಟಿರಿ. ಒಂದು ಬೇಸಿಗೇಲಿ ಮಂಡ್ಯದ ಚಿಕ್ಕಪ್ಪನ ಮನೇಲಿ ಕೂತು ಎರಡು ಗಂಟೆ ಒಂದು ಗುಹೆ ಅಲೆದಿದ್ದೆ, ಆಚೆ ಬರೋ ಬಾಗಿಲ ಹತ್ರ ಬಂದಾಗ ಕರೆಂಟ್ ಹೋಯ್ತು, ಆ ಹಳೇ ಕಂಪ್ಯೂಟರ್‌ಗೆ ಯುಪಿಎಸ್ಸೂ ಇಲ್ಲ, ಮತ್ತೆ ಕರೆಂಟ್ ಬಂದಾಗ ನಾನು ಗುಹೆ ಬಾಗಿಲಲ್ಲಿ ಖಾಲಿ ಕೈಯಲ್ಲಿ ನಿಂತಿದ್ದೆ. ಚಿಕ್ಕಮ್ಮ "ಹೋಗ್ಲಿ ಬಿಡು ಮಗ, ಮುದ್ದೆ ಆರೋಗ್ತದೆ ಬಾ" ಅಂದ್ರು, ಅದೇ ಸರಿಯಾದ ಸಲಹೆ.

ಈಗ ಬಾಣ. ಜರ್ನಲ್ ತೆಗೆದ್ರೆ ಕ್ವೆಸ್ಟ್‌ಗಳ, ಅಂದ್ರೆ ಗೇಮ್ ನಿಮಗೆ ಕೊಡೋ ಕೆಲಸಗಳ ಪಟ್ಟಿ ಇರುತ್ತೆ, ಒಂದೊಂದರ ಮೇಲೂ ಒತ್ತಿ ಗುರುತು ತೆಗೆದುಬಿಡಿ, ಮೇಲೆ ದಿಕ್ಸೂಚೀಲಿ ಕಾಣೋ ಆ ಬಾಣ ಮಾಯ ಆಗುತ್ತೆ. ಕ್ವೆಸ್ಟ್ ಏನೂ ಕಳ್ಕೊಳಲ್ಲ, ಬೇಕಾದಾಗ ಮತ್ತೆ ಹಾಕ್ಕೋಬಹುದು. ಜೊತೆಗೆ ಫಾಸ್ಟ್ ಟ್ರಾವೆಲ್‌ನೂ ಒಂದು ವಾರ ಮುಟ್ಟಬೇಡಿ. ಮ್ಯಾಪ್ ಮೇಲೆ ಒತ್ತಿ ಊರಿಂದ ಊರಿಗೆ ಹಾರಿದ್ರೆ ಮಧ್ಯದಲ್ಲಿರೋದೇನೂ ಸಿಗಲ್ಲ. ಚಾಮುಂಡಿ ಬೆಟ್ಟಕ್ಕೆ ಬಸ್ಸಲ್ಲಿ ಹೋಗೋದಕ್ಕೂ ಸಾವಿರ ಮೆಟ್ಲು ಹತ್ತಿ ಹೋಗೋದಕ್ಕೂ ಇರೋ ವ್ಯತ್ಯಾಸ ನಮ್ಮೂರಿನೋರಿಗೆ ನಾನೇನ್ ಹೇಳಬೇಕಾಗಿಲ್ಲ, ಎರಡ್ರಲ್ಲೂ ಸಿಗೋದು ಅದೇ ದೇವಿ ದರ್ಶನ, ಆದ್ರೆ ಮೆಟ್ಲಲ್ಲಿ ಹೋದೋನಿಗೆ ಒಂದೊಂದು ಮೆಟ್ಲಿಗೂ ಅರಿಶಿನ ಕುಂಕುಮ ಹಚ್ಕೊಂಡು ಹತ್ತೋ ಹೆಣ್ಮಕ್ಕಳು, ಮರದ ಸಂದೀಲಿ ಕೆಳಗಡೆ ಕಾಣೋ ಊರು, ಏದುಸಿರು ಬಿಡ್ತಾ ನಂದಿ ಮುಂದೆ ಕೂತು ನೀರು ಕುಡಿಯೋ ಸುಖ, ಇವೆಲ್ಲ ಲಾಭ.

ಏಳು ಸಾವಿರ ಮೆಟ್ಲು

ಇದೇ ಲೆಕ್ಕ ಗೇಮಲ್ಲೂ ಇದೆ. ಇವರ್‌ಸ್ಟೆಡ್ ಅನ್ನೋ ಸಣ್ಣ ಹಳ್ಳಿಯಿಂದ ಹೈ ಹ್ರೋತ್‌ಗಾರ್ ಅನ್ನೋ ಮಠದ ತನಕ ಬೆಟ್ಟ ಹತ್ತೋ ದಾರಿಗೆ ಹೆಸರೇ ಏಳು ಸಾವಿರ ಮೆಟ್ಟಿಲು. ಲೆಕ್ಕ ಹಾಕೋಕ್ ಹೋಗ್ಬೇಡಿ, ಅಷ್ಟು ಇಲ್ಲ. ದಾರೀಲಿ ಅಲ್ಲಲ್ಲಿ ಕಲ್ಲಿನ ಸಣ್ಣ ಗೂಡು, ಅದ್ರಲ್ಲಿ ಕೆತ್ತಿರೋ ಫಲಕ, ಒಟ್ಟು ಹತ್ತು. ಎಲ್ರೂ ಇದನ್ನ ಅಲಂಕಾರಕ್ಕೆ ಇಟ್ಟಿರೋದು ಅನ್ಕೊಂಡು ಓಡ್ತಾರೆ. ಕೆಳಗಡೆ ಹಳ್ಳಿ ಸೇತುವೆ ದಾಟಿದ್ ಕೂಡ್ಲೇ ಶುರು ಮಾಡಿ, ಒಂದೊಂದನ್ನೂ ನಿಂತು ಓದ್ತಾ ಹೋಗಿ, ಒಂದನ್ನೂ ಬಿಡಬೇಡಿ. ಹತ್ತನೇದು ಓದಿ ಮುಗಿಸಿದ್ರೆ 'ವಾಯ್ಸ್ ಆಫ್ ದ ಸ್ಕೈ' ಅಂತ ಒಂದು ವರ ಸಿಗುತ್ತೆ, ಗೇಮ್ ಲೆಕ್ಕದಲ್ಲಿ ಒಂದು ದಿನ ಕಾಡುಪ್ರಾಣಿಗಳು ನಿಮ್ಮ ಮೇಲೆ ಬೀಳಲ್ಲ, ನಿಮ್ಮನ್ನ ನೋಡಿ ಓಡೋದೂ ಇಲ್ಲ. ಜಿಂಕೆ ಪಕ್ಕದಲ್ಲಿ ಹೋಗಿ ನಿಂತ್ಕೊಳಿ, ಕತ್ತೆತ್ತಿ ನೋಡಿ ಮತ್ತೆ ಮೇಯುತ್ತೆ. ಯುದ್ಧಕ್ಕೆ ಇದ್ರಿಂದ ಏನೂ ಉಪಯೋಗ ಇಲ್ಲ, ನನಗೆ ಇಡೀ ಗೇಮಲ್ಲಿ ತುಂಬ ಇಷ್ಟ ಆದ ವರ ಇದೇ.

ಮಧ್ಯದಲ್ಲಿ ಒಂದು ಫ್ರಾಸ್ಟ್ ಟ್ರೋಲ್ ಕಾಯ್ತಿರುತ್ತೆ, ಬಿಳೀ ಮೈ, ಮೂರು ಕಣ್ಣು, ಸಣ್ಣ ಲೆವೆಲಲ್ಲಿ ಹೋದ್ರೆ ಎರಡೇ ಏಟಿಗೆ ಕೆಡವುತ್ತೆ. ಬೆಂಕಿ ಮಂತ್ರ ಹೊಡೀರಿ, ಅದಕ್ಕೆ ಬೆಂಕಿ ಅಂದ್ರೆ ಆಗಲ್ಲ, ಇಲ್ಲಾಂದ್ರೆ ಓಡಿ, ನಾಚಿಕೆ ಏನಿಲ್ಲ. ಹಳ್ಳೀಲಿ ಕ್ಲಿಮ್ಮೆಕ್ ಅಂತ ಒಬ್ಬ ಇರ್ತಾನೆ, ಮಠಕ್ಕೆ ಸಾಮಾನು ಹೊರೋನು, ಅವ್ನ ಮೂಟೇನೂ ಇಸ್ಕೊಂಡು ಹೋಗಿ ಮೇಲಿನ ಪೆಟ್ಟಿಗೇಲಿ ಹಾಕಿ, ಒಂದೇ ಸಲಕ್ಕೆ ಎರಡು ಕೆಲಸ.

ಆ ಬೆಟ್ಟದ್ದೇ ತುತ್ತತುದಿ ಇನ್ನೂ ಮೇಲಿದೆ, ಥ್ರೋಟ್ ಆಫ್ ದ ವರ್ಲ್ಡ್, ಅಲ್ಲಿಗೆ ಕಥೆ ಕರ್ಕೊಂಡು ಹೋದಾಗ ಡ್ರ್ಯಾಗನ್ ಮಾತಾಡಿ ಮುಗಿಸಿದ್ ಕೂಡ್ಲೇ ವಾಪಸ್ ಇಳೀಬೇಡಿ. ಇನ್ನೂ ಮೇಲಕ್ಕೆ ಶಿಖರಕ್ಕೆ ಹತ್ತಿದ್ರೆ ಒಂದು ಗುದ್ದಲಿ ನೆಟ್ಟಿರುತ್ತೆ. ಮೈನ್‌ಕ್ರಾಫ್ಟ್ ಗೇಮ್ ಮಾಡಿದೋನ ಅಡ್ಡಹೆಸರು ನಾಚ್ ಅಂತಲ್ಲ, ಅವ್ನಿಗೆ ಇಟ್ಟಿರೋ ಸಲಾಮು ಅದು.

ಕೈಯಲ್ಲಿರೋದನ್ನ ತಿರುಗಿಸಿ ನೋಡಿ

ಬ್ಲೀಕ್ ಫಾಲ್ಸ್ ಬ್ಯಾರೋ ಅನ್ನೋ ಗೋರಿ ಎಲ್ರೂ ಮೊದ್ಲು ಹೋಗೋ ಜಾಗ. ಒಳಗಡೆ ದುಂಡಗಿರೋ ಒಂದು ದೊಡ್ಡ ಬಾಗಿಲು, ಮೂರು ಉಂಗುರ, ಒಂದೊಂದರಲ್ಲೂ ಪ್ರಾಣಿ ಚಿತ್ರ, ಮಧ್ಯೆ ಉಗುರು ಸಿಗಿಸೋ ಮೂರು ತೂತು. ನಮ್ ಹುಡುಗ ಇಲ್ಲಿ ಯೂಟ್ಯೂಬ್ ನೋಡಿ ತೆಗೆದಿದ್ನಂತೆ. ಯೂಟ್ಯೂಬ್ ಬೇಡವೇ ಬೇಡ ಇದಕ್ಕೆ. ಕಳ್ಳನ ಹತ್ರ ಸಿಕ್ಕಿದ ಚಿನ್ನದ ಪಂಜ ಇದ್ಯಲ್ಲ, ಸಾಮಾನಿನ ಪಟ್ಟೀಲಿ ಅದನ್ನ ತೆಗೆದು, ಝೂಮ್ ಮಾಡಿ, ನಿಧಾನಕ್ಕೆ ಮಗುಚಿ. ಅಂಗೈ ಕಡೆ ಮೂರು ಗುಂಡು ಬಿಲ್ಲೆ ಕಾಣುತ್ತೆ: ಕರಡಿ, ಪತಂಗ, ಗೂಬೆ. ಹೊರಗಿನ ಉಂಗುರದಿಂದ ಒಳಗೆ ಅದೇ ಸಾಲಲ್ಲಿ ತಿರುಗಿಸಿ ಪಂಜ ಒತ್ತಿದ್ರೆ ಬಾಗಿಲು ಗುಡುಗುಡು ಅಂತ ಕೆಳಗೆ ಇಳಿಯುತ್ತೆ. ಮುಂದೆ ಎಲ್ಲೇ ಇಂಥ ಬಾಗಿಲು ಬಂದ್ರೂ ಉತ್ತರ ಪಂಜದಲ್ಲೇ ಇರುತ್ತೆ.

ಅಲ್ಲಿಂದ ನನಗೆ ಎಲ್ಲ ಸಾಮಾನನ್ನೂ ಮಗುಚಿ ನೋಡೋ ಚಟ ಹತ್ತಿದ್ದು. ಸೋಮನಾಥಪುರದ ಕೇಶವ ದೇವಸ್ಥಾನಕ್ಕೆ ಸ್ಕೂಲ್ ಟ್ರಿಪ್ಪಲ್ಲಿ ಹೋದಾಗ ನಾವೆಲ್ಲ ಮೂರ್ತಿ ಮುಖ ನೋಡ್ಕೊಂಡು ಮುಂದೆ ಹೋಗಿದ್ವಿ, ಗೈಡ್ ವಾಪಸ್ ಕರೆದು ಪೀಠದ ಹತ್ರ ಬಗ್ಗಿ ನೋಡ್ರಪ್ಪ ಅಂದ, ಶಿಲ್ಪಿ ಮಲ್ಲಿತಮ್ಮ ತನ್ನ ಹೆಸರು ಕೆತ್ತಿದ್ದಾನೆ. ಸ್ಕೈರಿಮ್‌ನಲ್ಲಿ ಅಂಥದ್ದೇ ಒಂದು ಅಂದ್ರೆ ಬಾಟಲಿ ಒಳಗಿನ ಹುಳ. ಚಿಟ್ಟೆ, ಜೇನು, ಏರೋಪ್ಲೇನ್ ಚಿಟ್ಟೆ, ಪತಂಗ, ಮಿಣುಕುಹುಳ, ಹೀಗೆ ಐದು ಥರದ ಬಾಟಲಿ ಬೇರೆ ಬೇರೆ ಕಡೆ ಬಿದ್ದಿರುತ್ತೆ, ಬೆಲೆಯೂ ಇಲ್ಲ, ಉಪಯೋಗವೂ ಇಲ್ಲ. ಆದ್ರೆ ಮುಚ್ಚಳದ ಒಳಗಡೆ ಏನೋ ಗೀಚಿರೋ ಅಕ್ಷರ. ಇದಕ್ಕೊಂದು ಕ್ವೆಸ್ಟ್ ಇದೆ ಅಂತ ಎಷ್ಟೋ ಜನ ವರ್ಷಗಟ್ಟಲೆ ತಲೆ ಕೆಡಿಸ್ಕೊಂಡ್ರು, ಗೇಮ್ ಒಳಗೆ ಏನೂ ಸಿಗಲಿಲ್ಲ. ಗೇಮ್ ಒಳಗಿನ ನನ್ನ ಮನೆ ಕಪಾಟಲ್ಲಿ ಐದೂ ಇಟ್ಟಿದೀನಿ, ಚೆನ್ನಾಗಿ ಕಾಣುತ್ತೆ.

ಲೈಟ್‌ಹೌಸ್

ಇಡೀ ಲೇಖನದಲ್ಲಿ ಒಂದೇ ಒಂದು ಮಾಡ್ತೀನಿ ಅಂದ್ರೆ ಇದನ್ನ ಮಾಡಿ. ಉತ್ತರದ ಸಮುದ್ರದ ದಂಡೇಲಿ ಡಾನ್‌ಸ್ಟಾರ್ ಮತ್ತೆ ವಿಂಟರ್‌ಹೋಲ್ಡ್ ಊರುಗಳ ಮಧ್ಯೆ ಫ್ರಾಸ್ಟ್‌ಫ್ಲೋ ಲೈಟ್‌ಹೌಸ್ ಅಂತ ಇದೆ. ಒಳಗೆ ಹೋದ್ರೆ ಗಂಡ ಹೆಂಡ್ತಿ ಇಬ್ರು ಮಕ್ಕಳು ಇದ್ದ ಮನೆ, ನೆಲದ ಮೇಲೆ ಹೆಂಗಸಿನ ಹೆಣ. ತಕ್ಷಣ ಕತ್ತಿ ತೆಗೆಯೋದು ಬೇಡ, ಮೊದ್ಲು ಅಲ್ಲಿರೋ ಡೈರಿ, ಚೀಟಿ ಎಲ್ಲ ಓದಿ, ಬೀಗದಕೈ ಹುಡುಕಿ ನೆಲಮಾಳಿಗೆಗೆ ಇಳೀರಿ. ಕೆಳಗೆ ಗೋಡೆ ಒಡ್ಕೊಂಡು ಬಂದಿರೋ ಫಾಲ್ಮರ್‌ಗಳ, ಅಂದ್ರೆ ನೆಲದಡಿ ಬದುಕೋ ಕುರುಡು ಜೀವಿಗಳ ಸುರಂಗ, ದೊಡ್ಡ ದೊಡ್ಡ ಚಾರಸ್ ಹುಳಗಳು. ಒಳಗೆ ಹೋದ ಹಾಗೆಲ್ಲ ಆ ಮನೆಯೋರ ಕಥೆ ಒಂದೊಂದೇ ತುಂಡು ಸಿಗುತ್ತೆ, ಏನಾಯ್ತು ಅಂತ ನಾನ್ ಹೇಳಲ್ಲ, ಮಗಳ ಚೀಟಿ ಓದಿದ ಮೇಲೆ ನಾನು ಕಂಟ್ರೋಲರ್ ಕೆಳಗಿಟ್ಟು ಬಾಲ್ಕನೀಲಿ ಸ್ವಲ್ಪ ಹೊತ್ತು ನಿಂತಿದ್ದೆ.

ಕೊನೇಲಿ ಬರೋ ದೊಡ್ಡ ಚಾರಸ್ ರೀಪರ್ ಸಾಯಿಸಿದ ಮೇಲೆ ಅದ್ರ ಮೈ ತಡಕಿ ನೋಡಿ. ಮನೆ ಯಜಮಾನ ಹಾಬ್ಡ್‌ನ ಅವಶೇಷ ಅದ್ರ ಹೊಟ್ಟೇಲಿರುತ್ತೆ. ಎಲ್ರೂ ಇಲ್ಲಿಗೆ ಮುಗೀತು ಅಂತ ಆಚೆ ಬಂದ್ಬಿಡ್ತಾರೆ. ಡೈರಿ ಓದಿದ್ರೆ ನೆನಪಾಗ್ಬೇಕು, ಸತ್ತ ಮೇಲೆ ತನ್ನನ್ನ ಈ ದೀಪದ ಬೆಂಕೀಲೇ ಸುಡಬೇಕು ಅನ್ನೋದು ಅವ್ನ ಆಸೆ. ಮೆಟ್ಲು ಹತ್ತಿ ಲೈಟ್‌ಹೌಸ್ ತುದಿಗೆ ಹೋಗಿ, ಉರೀತಿರೋ ಬೆಂಕಿ ಮುಂದೆ ನಿಂತು ಬಟನ್ ಒತ್ತಿ. 'ಸೇಲರ್ಸ್ ರಿಪೋಸ್' ಅನ್ನೋ ಶಾಶ್ವತ ವರ ಸಿಗುತ್ತೆ, ಗಾಯ ವಾಸಿ ಮಾಡೋ ಮಂತ್ರಗಳು ಅವತ್ತಿಂದ 10% ಜಾಸ್ತಿ ಕೆಲಸ ಮಾಡುತ್ತೆ. ವರ ಹಾಗಿರಲಿ, ಆ ಮನುಷ್ಯನ ಸಂಸ್ಕಾರ ಮಾಡೋಕೆ ಯಾರೂ ಉಳ್ದಿರಲಿಲ್ಲ, ನೀವು ಮಾಡಿದ್ರಿ.

ಭೂಮಿ ಕೆಳಗಿನ ಡ್ರ್ಯಾಗನ್

ಕಥೆ ದಾರೀಲಿ ಬ್ಲ್ಯಾಕ್‌ರೀಚ್ ಅನ್ನೋ ಜಾಗಕ್ಕೆ ಇಳೀತೀರಿ, ನೆಲದಾಳದಲ್ಲಿ ಹೊಳೆಯೋ ಅಣಬೆಗಳ ಕಾಡು, ಮಧ್ಯೆ ಪಾಳು ಬಿದ್ದ ಊರು. ಆ ಊರಿನ ಮೇಲೆ ಒಂದು ದೊಡ್ಡ ಕಿತ್ತಳೆ ಬಣ್ಣದ ಗೋಳ ತೂಗ್ತಿರುತ್ತೆ. ಅದರ ಕಡೆಗೆ ಮುಖ ಎತ್ತಿ 'ಫುಸ್ ರೋ ದಾ' (ಎದುರಿಗಿರೋದನ್ನ ದೂರ ತಳ್ಳೋ ಮಂತ್ರದ ಕೂಗು) ಅಂತ ಪೂರ್ತಿ ಕೂಗಿ. ವುಲ್ತುರ್ಯೋಲ್ ಅನ್ನೋ ಡ್ರ್ಯಾಗನ್ ಹಾರ್ಕೊಂಡು ಬರುತ್ತೆ, ಭೂಮಿ ಒಳಗೆ, ಮೊದಲನೇ ಸಲ ನಾನು ಕುರ್ಚಿಯಿಂದ ಎದ್ದು ನಿಂತಿದ್ದೆ. ಕೂಗೋ ಮುಂಚೆ ಸೇವ್, ಮರೀಬೇಡಿ. ಅಲ್ಲೇ ಸಿಂಡೇರಿಯನ್ ಅನ್ನೋನ ಮನೇಲಿ ಡೈರಿ ಸಿಗುತ್ತೆ, ಅದು ಓದಿ 30 ಕೆಂಪು ನಿರ್ನ್‌ರೂಟ್ ಗಿಡ ಆರಿಸಬೇಕು. ಕಣ್ಣಿಗಿಂತ ಕಿವಿ ನಂಬಿ, ಗಿಡ ಹತ್ರ ಬಂದ್ರೆ ಒಂಥರಾ ಗುಂಯ್ ಅಂತ ಹಾಡುತ್ತೆ, ಇಯರ್‌ಫೋನ್ ಹಾಕಿ ಮ್ಯೂಸಿಕ್ ಆಫ್ ಮಾಡಿದ್ರೆ ಸಲೀಸು.

ಸಣ್ಣಪುಟ್ಟವು ಬೇಗ ಹೇಳಿಬಿಡ್ತೀನಿ. ಗಿಡಮೂಲಿಕೆ ಸಿಕ್ಕಿದ್ರೆ ಒಂದು ತಿಂದು ನೋಡಿ, ಅದರ ಮೊದಲ ಗುಣ ಗೊತ್ತಾಗುತ್ತೆ. ಅಂಗಡಿಯವ್ನ ತಲೆ ಮೇಲೆ ಬುಟ್ಟಿ ಕವುಚಿದ್ರೆ ಅವ್ನಿಗೆ ನಿಮ್ಮ ಕಳ್ಳತನ ಕಾಣಲ್ಲ, ಇದು ನಿಜವಾಗ್ಲೂ ಕೆಲಸ ಮಾಡುತ್ತೆ. ರಾತ್ರಿ ಹೊತ್ತು ತಲೆ ಇಲ್ದಿರೋ ಕುದುರೆ ಸವಾರನ ದೆವ್ವ ಕಂಡ್ರೆ ಬಿಡದೆ ಹಿಂದೆ ಹೋಗಿ, ಹಾಮ್‌ವಿರ್ಸ್ ರೆಸ್ಟ್ ಅನ್ನೋ ಸ್ಮಶಾನಕ್ಕೆ ಕರ್ಕೊಂಡು ಹೋಗ್ತಾನೆ. ಸಾಮಾನನ್ನ ಗುಹೆ ಪೆಟ್ಟಿಗೇಲಿ ಇಡಬೇಡಿ, ಗೇಮ್ ಲೆಕ್ಕದ 10 ದಿನ, ಪೂರ್ತಿ ಗೆದ್ದಿರೋ ಜಾಗ ಆದ್ರೆ 30 ದಿನ ಆದ್ಮೇಲೆ ಅಲ್ಲಿರೋದೆಲ್ಲ ಹೊಸದಾಗಿ ಬದಲಾಗುತ್ತೆ, ನಿಮ್ದು ಹೋಯ್ತು.

ಡಾನ್‌ಸ್ಟಾರ್ ಪೆಟ್ಟಿಗೆ ಬಗ್ಗೆ ಕೇಳೇ ಕೇಳ್ತೀರಿ. ಊರಲ್ಲಿ ಐರನ್ ಬ್ರೇಕರ್ ಗಣಿ ಬಾಗಿಲ ಹತ್ರ ಬಂಡೆ ಮರದ ಸಂದೀಲಿ ಕುಕ್ಕರುಗಾಲಲ್ಲಿ ಕೂತು ನೆಲ ನೋಡ್ತಾ ಸರಿದಾಡಿದ್ರೆ ಕಣ್ಣಿಗೆ ಕಾಣದ ಪೆಟ್ಟಿಗೆ ತೆಗೆಯುತ್ತೆ, ಅದು ಖಜೀತ್ (ಬೆಕ್ಕಿನ ಥರ ಇರೋ ಜನಾಂಗ) ವ್ಯಾಪಾರಿ ಅಹ್ಕಾರಿಯ ಅಂಗಡಿ ಮಾಲು. ಕಳ್ಳತನದ ಲೆಕ್ಕಕ್ಕೂ ಬರಲ್ಲ. ನನ್ನ ಕೇಳಿದ್ರೆ ಇದು ಗುಟ್ಟಲ್ಲ, ಮಾಡಿದೋರ ಎಡವಟ್ಟು, ಶುರೂಲೇ ಇದಕ್ಕೆ ಕೈ ಹಾಕಿದ್ರೆ ಆಮೇಲೆ ದುಡ್ಡಿಗೆ ಬೆಲೆನೇ ಇರಲ್ಲ, ಗೇಮ್ ಸಪ್ಪೆ.

ಇಪ್ಪತ್ನಾಲ್ಕು ಕಲ್ಲು

ಕೊನೇದು ತಾಳ್ಮೆ ಇರೋರಿಗೆ. 'ಅನ್‌ಯೂಶುವಲ್ ಜೆಮ್' ಅಂತ ಒಂದು ಗುಲಾಬಿ ಕಲ್ಲು ಸಿಕ್ಕಿದ್ರೆ ಕಳ್ಳರ ಸಂಘದ ವೆಕ್ಸ್ ಹತ್ರ ತೋರ್ಸಿ, ಬರೆಂಜಿಯಾ ರಾಣಿ ಕಿರೀಟದ್ದು, ಇಂಥವು 24 ಇವೆ ಅಂತ ಗೊತ್ತಾಗುತ್ತೆ. ಒಂದಕ್ಕೂ ಬಾಣ ಇಲ್ಲ. ವೈಟ್‌ರನ್ ಊರೊಂದ್ರಲ್ಲೇ ಮೂರಿದೆ: ಯೋರ್‌ವಾಸ್ಕರ್ ಅನ್ನೋ ಯೋಧರ ಮನೇಲಿ ಅವ್ರ ಮುಖ್ಯಸ್ಥ ಕೊಡ್ಲಾಕ್ ರೂಮು, ಡ್ರ್ಯಾಗನ್ಸ್‌ರೀಚ್ ಅರಮನೇಲಿ ಯಾರ್ಲ್ (ಊರಿನ ಒಡೆಯ) ಮಲಗೋ ಮನೆ, ಸತ್ತೋರನ್ನ ಇಡೋ ಹಾಲ್ ಆಫ್ ದ ಡೆಡ್. ಹುಷಾರಾಗಿರಬೇಕಾದ್ದು ಥಾಲ್ಮರ್ ಅನ್ನೋ ಎಲ್ಫ್‌ಗಳ ರಾಯಭಾರ ಕಚೇರಿಯ ಕಲ್ಲಿಗೆ, ಕಥೇಲಿ ಪಾರ್ಟಿಗೆ ಅಂತ ಒಳಗೆ ಬಿಡ್ತಾರಲ್ಲ, ಆಗ್ಲೇ ಎತ್ಕೊಂಡ್ಬಿಡಿ, ಆಮೇಲೆ ಆ ಜಾಗಕ್ಕೆ ವಾಪಸ್ ನುಗ್ಗೋದು ಸುಲಭ ಇಲ್ಲ.

ನಮ್ ಹುಡುಗನಿಗೆ ಇದನ್ನ ಎರಡು ಸಲ ಹೇಳಿ ಕಳಿಸಿದ್ದೆ. ಹೊಸದಾಗಿ ಶುರು ಮಾಡಿ, ಬಾಣ ತೆಗೆದು, ಮೆಟ್ಲಿನ ಹತ್ತು ಫಲಕ ಓದಿ, ಲೈಟ್‌ಹೌಸ್ ಮುಗಿಸಿ ಫೋಟೋ ಎಲ್ಲ ಕಳಿಸ್ತಿದ್ದ. ಹೋದ ವಾರ ರಾತ್ರಿ ಹನ್ನೊಂದೂವರೆಗೆ ಫೋನು, "ಅಣ್ಣ, ಇಪ್ಪತ್ಮೂರು ಆಯ್ತು ಕಣಣ್ಣ. ಆ ಪಾರ್ಟಿ ಮನೆ ಸೇವ್ ಏನಾದ್ರೂ ನಿನ್ ಹತ್ರ ಅದಾ?"